ಹೆಪ್ಪು ಹಾಕಿದ ನೀರು

ಸೋಮವಾರ ಬಂತೆಂದರೆ ಅವರ ಬಲಗೈ ಹೆಬ್ಬೆರಳಿನ ಉಗುರಿನೊಳಗೆ ಹಸಿರು ತುಂಬಿರುತ್ತಿತ್ತು. ಉಳಿದ ಬೆರಳುಗಳ ಮೇಲೆಲ್ಲ ಗಾಜು ಗೀರಿದ ಸಣ್ಣ ಬಿಳಿ ಗೆರೆಗಳು, ಒಂದರ ಮೇಲೊಂದು. ಆ ಕೈಯಿಂದಲೇ ರೊಟ್ಟಿ ಮುರಿಯುತ್ತಿದ್ದರು, ಆ ಕೈಯಿಂದಲೇ ಗಿರಾಕಿಗಳು ತಂದುಕೊಟ್ಟ ಫೋಟೋಗಳ ಧೂಳು ಒರೆಸುತ್ತಿದ್ದರು. ಎಷ್ಟು ತಿಕ್ಕಿ ತೊಳೆದರೂ ಬುಧವಾರದ ತನಕ ಆ ಹಸಿರು ಹೋಗುತ್ತಿರಲಿಲ್ಲ. ನಾನು ಅವರ ಮನೆಗೆ ಬಾಡಿಗೆಗೆ ಹೋದದ್ದು ಒಂದು ಸೋಮವಾರ. ಕೋಣೆಯ ಕೀಲಿ ಕೊಡಲು ಚಾಚಿದ ಆ ಕೈ ನೋಡಿ, ಬಣ್ಣದ ಕೆಲಸವನ್ನೂ ಮಾಡುತ್ತಾರೇನೋ ಎಂದುಕೊಂಡೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಮುಗಿಸಿದ್ದ ನನಗೆ ಹಾನಗಲ್ಲಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವ ನೌಕರಿ ಸಿಕ್ಕಿತ್ತು. ನಮ್ಮದು ಮಡಿ, ಶ್ಲೋಕ, ಪಂಚಾಂಗಗಳ ಮನೆ. ಅಲ್ಲಿಂದ ಹೊರಬಿದ್ದ ಹುಮ್ಮಸ್ಸಿನಲ್ಲಿ ನನಗೆ ನಾಲಗೆ ಉದ್ದ, ಅನುಭವ ಗಿಡ್ಡ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಆ ಮನೆಯ ಮುಂಭಾಗ ಅಂಗಡಿ, ಹಿಂದೆ ಸಂಸಾರ. ಅಂಗಡಿಯಲ್ಲಿ ಗಾಜು ಕತ್ತರಿಸಿ ಫೋಟೋಗಳಿಗೆ ಕಟ್ಟು ಹಾಕಿಕೊಡುತ್ತಿದ್ದರು. ಊರವರಿಗೆ ಅವರು ಅಂಗಡಿಯವರು. ನನಗೆ ಮನೆ ಮಾಲಕರು. ಕಡೆಯ ತನಕ ಹಾಗೆಯೇ ಕರೆದೆ. ಅವರಿಗೆ ನಾನು ಅಕ್ಕಾರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸು ಯಾವ ವಯಸ್ಸಿನವಳಾದರೂ ಎಲ್ಲರಿಗೂ ಅಕ್ಕಾರೇ. ಮನೆಯಲ್ಲಿ ಅವರನ್ನು ಬಿಟ್ಟರೆ ಅವರ ವಿಧವೆ ಅಕ್ಕ, ಓಣಿಯೆಲ್ಲ ದೊಡ್ಡವ್ವ ಎನ್ನುತ್ತಿದ್ದ ಮುದುಕಿ. ಹೆಂಡತಿ ಎಂದೋ ತೀರಿಕೊಂಡಿದ್ದರು. ಒಬ್ಬಳೇ ಮಗಳು ಹದಿನಾರರಲ್ಲಿ ಹಿತ್ತಿಲ ಬಾವಿಗೆ ಬಿದ್ದು ಸತ್ತಿದ್ದಳು. ಇಷ್ಟನ್ನು ಎದುರು ಮನೆಯವರು ನಾನು ಹಾಸಿಗೆ ಬಿಚ್ಚುವ ಮೊದಲೇ ಹೇಳಿ ಮುಗಿಸಿದ್ದರು.

ಕಟ್ಟು ಹಾಕಿಸಲು ಬರುವ ಫೋಟೋಗಳಲ್ಲಿ ಅರ್ಧ ದೇವರದು, ಅರ್ಧ ಸತ್ತವರದು. ಎರಡನೆಯ ಬಗೆಯ ಫೋಟೋಗಳನ್ನು ಮಾಲಕರು ಕೆಲಸ ಮುಗಿದ ಕೂಡಲೇ ಗೋಡೆಗೆ ಮುಖ ಮಾಡಿ ಸಾಲಾಗಿ ನಿಲ್ಲಿಸುತ್ತಿದ್ದರು. ಯಾಕೆ ಎಂದು ಕೇಳಿದಾಗ, ಅವರವರ ಮನೆಯವರು ಬಂದಾಗಲೇ ಅವರು ಮುಖ ತಿರುಗಿಸಬೇಕು, ನಮ್ಮನ್ನು ನೋಡಿ ಅವರಿಗೇನು ಕೆಲಸ ಎಂದು ಸಹಜವಾಗಿ ಹೇಳಿದ್ದರು. ಊರ ಸತ್ತವರಿಗೆಲ್ಲ ಕಟ್ಟು ಹಾಕಿದ ಆ ಮನುಷ್ಯನ ಮನೆಯಲ್ಲಿ ಮಗಳ ಒಂದು ಫೋಟೋ ಇರಲಿಲ್ಲ.

ಇದ್ದದ್ದು ನಡುಮನೆಯಲ್ಲಿನ ಮೀನಿನ ತೊಟ್ಟಿ. ಕಬ್ಬಿಣದ ಚೌಕಟ್ಟಿಗೆ ತಾವೇ ಗಾಜು ಕೂಡಿಸಿ ಸಂದಿಗಳಿಗೆ ಪುಟ್ಟಿ ಮೆತ್ತಿ ಮಾಡಿದ್ದು. ಒಳಗೆ ಕೆರೆಯಿಂದ ತಂದ ನಾಲ್ಕು ಬೂದು ಬಣ್ಣದ ಮೀನುಗಳು, ನೋಡಲು ಏನೇನೂ ಚಂದವಿಲ್ಲ. ಚಂದವಿದ್ದದ್ದು ನೀರು. ಗಾಜು ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತು ಎಂದು ತಿಳಿಯದಷ್ಟು ತಿಳಿ. ಮೀನುಗಳು ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತಿದ್ದವು. ಮೊದಲ ಸಲ ನೋಡಿದಾಗ ನನಗೆ ಯಾಕೋ ಹಿತವೆನಿಸಲಿಲ್ಲ.

ತೊಟ್ಟಿಯ ಮೇಲೆ ಒಂದು ಕಟ್ಟಿಗೆಯ ನಿಲುವು, ಅದರ ಮೇಲೆ ಮಣ್ಣಿನ ಗಡಿಗೆ. ಗಡಿಗೆಯ ತಳದಲ್ಲಿ ತೂತು, ತೂತಿಗೆ ಅರಿವೆಯ ಬತ್ತಿ. ಬತ್ತಿಯಿಂದ ಇಳಿದ ನೀರು ಓರೆಯಾಗಿ ನಿಲ್ಲಿಸಿದ ಒಂದು ಫೋಟೋ ಕಟ್ಟಿನ ಮೇಲೆ ಹರಿದು ಮತ್ತೆ ತೊಟ್ಟಿಗೆ ಬೀಳುತ್ತಿತ್ತು. ಹೌದು, ಸಾಗುವಾನಿ ಪಟ್ಟಿಯ, ಮೂಲೆಗೆ ಹೂವು ಕೆತ್ತಿದ ಫೋಟೋ ಕಟ್ಟು. ಫೋಟೋ ಇರಬೇಕಾದ ಜಾಗದಲ್ಲಿ ಗೋಣಿತಟ್ಟು ಬಿಗಿದಿತ್ತು. ಆ ತಟ್ಟಿನ ತುಂಬ ದಟ್ಟ ಹಸಿರು ಪಾಚಿ, ನೀರು ಹರಿದಂತೆ ಕೂದಲ ಹಾಗೆ ಮೆಲ್ಲಗೆ ಅಲುಗುತ್ತಿತ್ತು. ಬೆಳಕಿಂಡಿಯಿಂದ ಬಿದ್ದ ಬಿಸಿಲನ್ನು ಅವರು ಕನ್ನಡಿಯ ಚೂರುಗಳಿಂದ ಹಿಡಿದು ಆ ಕಟ್ಟಿನ ಮೇಲೆ ಬೀಳಿಸುತ್ತಿದ್ದರು. ಸೂರ್ಯ ಸರಿದಂತೆಲ್ಲ ಅಂಗಡಿಯಿಂದ ಎದ್ದು ಬಂದು ಕನ್ನಡಿ ಸರಿಸಿ ಹೋಗುವರು. ಎರಡು ತಾಸಿಗೊಮ್ಮೆ ತೊಟ್ಟಿಯ ನೀರನ್ನೇ ಚರಗಿಯಲ್ಲಿ ತೋಡಿ ಮೇಲಿನ ಗಡಿಗೆಗೆ ಸುರಿಯಬೇಕು. ಇವರಿಲ್ಲದಿದ್ದರೆ ದೊಡ್ಡವ್ವ, ಕೆಲವು ತಿಂಗಳ ಮೇಲೆ ನಾನೂ. ಹನಿ ಬೀಳುವ ಸಪ್ಪಳ ಆ ಮನೆಯಲ್ಲಿ ಹಗಲು ರಾತ್ರಿ ಇರುತ್ತಿತ್ತು.

ನಾನೋ ಪಾಚಿಯ ಬಗ್ಗೆ ಪರೀಕ್ಷೆ ಬರೆದು ಪಾಸಾದವಳು! ಇದೆಲ್ಲ ಯಾಕೆ, ವಾರಕ್ಕೊಮ್ಮೆ ಅರ್ಧ ನೀರು ತೆಗೆದು ಹೊಸ ನೀರು ಹಾಕಿದರೆ ಮುಗಿಯಿತಲ್ಲ ಎಂದು ಉಪದೇಶ ಮಾಡಿದೆ. ಗಾಜು ಗೀರುತ್ತಿದ್ದವರು ಕೈ ನಿಲ್ಲಿಸಿದರು. ನೀರು ಬದಲಿಸುವ ಮಾತೇ ಇಲ್ಲ, ನೀರಿನೊಳಗಿನ ಹೊಲಸು ಮಾತ್ರ ತೆಗೆಯಬೇಕು ಎಂದರು. ಮೊದಲ ವರ್ಷ ಆ ನೀರು ಹಸಿರುಗಟ್ಟಿ ನಾರಿತ್ತಂತೆ. ತಿಳಿಯಾಗಲೆಂದು ಪಟಕ ಹಾಕಿ ನೋಡಿದರೆ ಮೀನು ಸತ್ತವು, ಮೀನಿಲ್ಲದಿದ್ದರೆ ಸೊಳ್ಳೆ ಹುಳು. ಆಮೇಲೊಂದು ದಿನ ಸೋರುವ ನಳದ ಕೆಳಗೆ ಬಿದ್ದಿದ್ದ ಗೋಣಿಚೀಲ ಕಣ್ಣಿಗೆ ಬಿತ್ತು. ಪಾಚಿಯೆಲ್ಲ ಚೀಲಕ್ಕೇ ಹತ್ತಿತ್ತು, ಪಕ್ಕದ ಬಕೀಟಿನ ನೀರು ಸ್ವಚ್ಛವಿತ್ತು.

“ಪಾಚಿಗೆ ಅದರದ ಒಂದು ಜಾಗಾ ಕೊಟ್ರ ಮತ್ತೊಂದ ಕಡೆ ಬರೂದಿಲ್ರಿ ಅಕ್ಕಾರ. ಉಣ್ಣೂದೆಲ್ಲಾ ಇಲ್ಲೇ ಉಂಡು ಸುಮ್ಮನಿರತೈತಿ,” ಎಂದರು.

ಮೀನಿನ ಹೊಲಸೇ ಪಾಚಿಯ ಗೊಬ್ಬರ. ಗೋಣಿಯ ಮೇಲೆ ಬೆಳಕು, ಗಾಳಿ, ಹರಿಯುವ ನೀರು ಮೂರೂ ಸಿಗುವುದರಿಂದ ಪಾಚಿ ಅಲ್ಲೇ ಬೆಳೆದು ತೊಟ್ಟಿಯ ನೀರಿನ ಹೊಲಸನ್ನೆಲ್ಲ ಹೀರಿಕೊಳ್ಳುತ್ತದೆ. ಬೆಳೆದದ್ದನ್ನು ಕೆರೆದು ತೆಗೆದರೆ ಹೊಲಸು ಹೊರಗೆ ಹೋದಂತೆ. ನಾನು ಪುಸ್ತಕದಲ್ಲಿ ಓದಿ ಮರೆತದ್ದನ್ನು ಅವರು ಗೋಣಿಚೀಲ ನೋಡಿ ಕಲಿತಿದ್ದರು. ಸೋಮವಾರ ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ ಮುಗಿಸಿ ಕಟ್ಟನ್ನು ಇಳಿಸಿ ಮೊಂಡು ತಗಡಿನ ಬಿಲ್ಲೆಯಿಂದ ಕೆರೆಯುತ್ತಿದ್ದರು. ಮೂಲೆಗಳಿಗೆ ಹೆಬ್ಬೆರಳಿನ ಉಗುರು. ಪೂರ್ತಿ ಕೆರೆಯಬಾರದು, ಬೇರು ಉಳಿಯಬೇಕು ಎನ್ನುವರು. ತೆಗೆದ ಪಾಚಿಯನ್ನು ಹಿತ್ತಿಲ ಕರಿಬೇವಿನ ಬುಡಕ್ಕೆ ಹಾಕುವರು. ಆ ಗಿಡ ಮಾಡಿನ ಎತ್ತರ ಬೆಳೆದು ಎಲೆಯೆಲ್ಲ ಕಪ್ಪು ಹಸಿರಾಗಿ ಹೊಳೆಯುತ್ತಿತ್ತು. ದೊಡ್ಡವ್ವ ಒಗ್ಗರಣೆಗೆ ಮಾತ್ರ ಎದುರು ಮನೆಯ ಕರಿಬೇವು ಕೇಳಿ ತರುತ್ತಿದ್ದಳು.

ಊರ ಮಾತು ನನ್ನ ಕಿವಿಗೆ ಬಿದ್ದದ್ದು ಶಾಲೆಯ ಹುಡುಗಿಯರಿಂದ. ಮಗಳು ಬಿದ್ದ ಬಾವಿಯನ್ನು ಮುಚ್ಚಿಸುವ ಮೊದಲು ಆತ ಅದೇ ನೀರು ತೆಗೆದು ತೊಟ್ಟಿಯಲ್ಲಿ ಇಟ್ಟಿದ್ದಾನೆ, ಪ್ರಾಣ ಹೋದ ನೀರು ಅದು, ನಮ್ಮ ಅವ್ವ ಅಂಗಡಿಗೆ ಹೋದರೂ ಒಳಗೆ ನೋಡಬೇಡ ಅಂತಾಳೆ ಎಂದು ಒಬ್ಬಳು ಹೇಳಿದಳು. ಇನ್ನೊಬ್ಬಳು, ಪಾಚಿ ಅಲ್ಲ ಅಕ್ಕಾರ ಅದು, ಆಕಿ ಕೂದಲು ಎಂದಳು. ನಾನು ಗದರಿಸಿ ಪಾಠ ಮುಂದುವರಿಸಿದೆ. ಆದರೆ ಅಂದು ಸಂಜೆ ಗಡಿಗೆಗೆ ನೀರು ಸುರಿಯುವಾಗ ಬೆರಳಿಗೆ ನೀರು ತಾಗದಂತೆ ಚರಗಿಯನ್ನು ಅಂಚಿನಲ್ಲೇ ಹಿಡಿದೆ. ವಿಜ್ಞಾನವೇನೋ ತಲೆಯಲ್ಲಿರುತ್ತದೆ, ಕೈಗೆ ಅದರ ಗೊಡವೆ ಇಲ್ಲ.

ಒಂದು ರವಿವಾರ ಮಧ್ಯಾಹ್ನ, ಬಿಸಿಲು ಬೆಳಕಿಂಡಿಯಿಂದ ನೆಟ್ಟಗೆ ಇಳಿಯುತ್ತಿದ್ದ ಹೊತ್ತು. ಚರಗಿ ಹಿಡಿದು ತೊಟ್ಟಿಗೆ ಬಗ್ಗಿದೆ. ನೀರಿನಲ್ಲಿ ಒಂದು ಹೆಣ್ಣಿನ ಮುಖ ಇತ್ತು. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ತಲೆ, ಅಗಲವಾದ ಹಣೆ, ಸುಮ್ಮನೆ ನೋಡುವ ಕಣ್ಣು. ಕಟ್ಟು ಹಾಕಿಸಲು ಬಂದ ಯಾವುದೋ ಫೋಟೋದ ಪ್ರತಿಬಿಂಬ ಎಂದು ತಿರುಗಿ ನೋಡಿದೆ. ಫೋಟೋಗಳೆಲ್ಲ ಎಂದಿನಂತೆ ಗೋಡೆಗೆ ಮುಖ ಮಾಡಿ ನಿಂತಿದ್ದವು. ಚರಗಿ ಕೈಜಾರಿತು. ಸಪ್ಪಳಕ್ಕೆ ಮಾಲಕರು ಒಳಗೆ ಬಂದು ನನ್ನನ್ನೂ ನೀರನ್ನೂ ನೋಡಿದರು.

“ಯಾರೂ ಇಲ್ರಿ,” ಎಂದರು. “ನೀರು ಭಾಳ ತಿಳಿ ಆದ್ರ ನಮ್ಮ ಮಾರಿ ನಮಗ ಗುರ್ತು ಸಿಗೂದಿಲ್ಲ.”

ಇರಬಹುದು. ನಾನೂ ಆಗ ತಲೆಗೆ ಎಣ್ಣೆ ಹಚ್ಚಿ ಹಿಂದಕ್ಕೇ ಬಾಚುತ್ತಿದ್ದೆ. ಆದರೆ ನಾನು ಏನು ಕಂಡೆ ಎಂದು ಅವರಿಗೆ ಹೇಳಿರಲಿಲ್ಲ. ಯಾರೋ ಇದ್ದಾರೆ ಎಂದು ನಾನು ಬಾಯಿಬಿಡುವ ಮೊದಲೇ ಯಾರೂ ಇಲ್ಲ ಎಂದರಲ್ಲ, ಅದು ನನ್ನನ್ನು ಬಹಳ ದಿನ ಕಾಡಿತು.

ಎರಡನೆಯ ವರ್ಷ ದೀಪಾವಳಿ ಬಂತು. ಹಬ್ಬದ ಮೊದಲ ದಿನ ನೀರು ತುಂಬುವುದು. ನನ್ನ ತವರಿನಲ್ಲಿ ಆ ದಿನ ಅವ್ವ ಯುದ್ಧಕ್ಕೆ ಹೊರಟವಳ ಹಾಗಿರುತ್ತಿದ್ದಳು. ಮನೆಯೊಳಗಿನ ಹಳೆಯ ನೀರೆಲ್ಲ ಹೊರಗೆ ಹೋಗಬೇಕು. ಹಂಡೆ, ಕೊಡ, ಗಿಂಡಿಗಳನ್ನು ಹುಣಸೆ ಹಚ್ಚಿ ಬೆಳಗಿ, ಹೊಸ ನೀರು ತುಂಬಿ, ಹಂಡೆಯ ಕೊರಳಿಗೆ ಹಿಂಡಲಕಾಯಿ ಬಳ್ಳಿ ಕಟ್ಟಬೇಕು. ಮರುದಿನ ನಸುಕಿನ ಎಣ್ಣೆ ಸ್ನಾನ ಆ ನೀರಿನಲ್ಲೇ. ಹಳೆಯ ನೀರು ಒಂದು ಹನಿ ಉಳಿದರೂ ಮನೆಗೆ ಒಳ್ಳೆಯದಲ್ಲ ಎನ್ನುತ್ತಿದ್ದಳು.

ನಾನು ಮರುದಿನದ ಬಸ್ಸಿಗೆ ಧಾರವಾಡಕ್ಕೆ, ಅವ್ವನ ಮನೆಗೆ, ಹೋಗುವವಳಿದ್ದೆ. ನಸುಕಿನಲ್ಲೇ ದೊಡ್ಡವ್ವ ಹಂಸಭಾವಿಯ ಬಳಗದವರ ಮನೆಗೆ ಹೋಗುತ್ತೇನೆಂದು ಗಂಟು ಹಿಡಿದು ಹೊರಟಳು. ಹಬ್ಬದ ದಿನ ಮನೆ ಬಿಟ್ಟು ಹೋಗುವುದೇ ಎಂದು ಕೇಳುವಷ್ಟರಲ್ಲಿ ಓಣಿ ದಾಟಿದ್ದಳು. ಮಾಲಕರು ಲಕ್ಷ್ಮಿಯ ಫೋಟೋಗಳನ್ನು ಕಟ್ಟಿಕೊಂಡು ಹಿರೇಕೆರೂರಿಗೆ ಹೊರಟರು. ಅಂಗಡಿ ಪೂಜೆಗೆ ಅಲ್ಲಿಯ ವ್ಯಾಪಾರಸ್ಥರು ಹೇಳಿಟ್ಟಿದ್ದರಂತೆ. ಎರಡು ತಾಸಿಗೊಮ್ಮೆ ಗಡಿಗೆ ತುಂಬಿರಿ, ಮತ್ತೇನೂ ಬೇಡ ಎಂದು ಎರಡೆರಡು ಸಲ ಹೇಳಿದರು.

ಬಚ್ಚಲಲ್ಲಿ ಹಂಡೆ ಬೋರಲು ಬಿದ್ದಿತ್ತು. ಓಣಿಯ ಪ್ರತಿ ಮನೆಯಲ್ಲೂ ನೀರಿನ ಗದ್ದಲ, ಈ ಮನೆಯಲ್ಲಿ ಮಾತ್ರ ಹನಿಯ ಸಪ್ಪಳ. ಪಾಪ, ಹಬ್ಬ ಮಾಡುವವರಿಲ್ಲದ ಮನೆ, ನಾನಾದರೂ ಹಬ್ಬ ಮಾಡಿ ಇವರಿಗೆ ಸಂತೋಷ ಕೊಡುತ್ತೇನೆ ಎಂದು ಸೆರಗು ಸಿಕ್ಕಿಸಿದೆ. ಹಂಡೆ ಬೆಳಗಿದೆ, ಕೊಡ ಬೆಳಗಿದೆ, ನಳದ ನೀರು ಹೊತ್ತು ತುಂಬಿದೆ. ಕಡೆಗೆ ತೊಟ್ಟಿಯ ಮುಂದೆ ನಿಂತೆ. ಆ ಊರ ಮಾತು, ಆ ಮುಖ, ಎಲ್ಲ ನೆನಪಾಯಿತು. ಪ್ರಾಣ ಹೋದ ನೀರನ್ನು ಎದುರಿಗಿಟ್ಟುಕೊಂಡು ಮನುಷ್ಯ ಹೇಗೆ ಬದುಕಬೇಕು? ಇವತ್ತಿನಂಥ ದಿನ ಮತ್ತೆ ಸಿಗದು, ಹಳೆಯದು ಹೋಗಲಿ. ಹೀಗೆ ಅವ್ವನ ಶಾಸ್ತ್ರಕ್ಕೆ ನನ್ನ ವಿಜ್ಞಾನ ಹೂಂಗುಟ್ಟಿತು. ಮೀನುಗಳನ್ನು ಬಕೀಟಿಗೆ ಬಿಟ್ಟು, ತೊಟ್ಟಿಯ ನೀರನ್ನು ತೋಡಿ ತೋಡಿ ಹಿತ್ತಿಲಿಗೆ ಚೆಲ್ಲಿದೆ. ಗಡಿಗೆಯನ್ನೂ ಬರಿದು ಮಾಡಿದೆ. ಗಾಜು ತಿಕ್ಕಿದೆ. ನಳದ ನೀರು ತುಂಬಿ ಮೀನುಗಳನ್ನು ಮರಳಿ ಬಿಟ್ಟೆ. ಪಾಚಿಯ ಕಟ್ಟನ್ನು ಮಾತ್ರ ಮುಟ್ಟಲು ಮನಸ್ಸಾಗದೆ ಗೋಡೆಗೆ ಒರಗಿಸಿ ಬಿಟ್ಟೆ.

ಕೆಲಸ ಮುಗಿಸಿ ಕೂತಾಗ ಮನೆ ನಿಶ್ಶಬ್ದವಾಗಿತ್ತು. ಒಂದೂವರೆ ವರ್ಷದಲ್ಲಿ ಮೊದಲ ಸಲ ಅಲ್ಲಿ ಹನಿ ಬೀಳುತ್ತಿರಲಿಲ್ಲ. ಯಾರೋ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿರುವಂತೆ ಅನಿಸಿ ಅಂಗಡಿಯ ಕಟ್ಟೆಗೆ ಬಂದು ಕೂತೆ. ದೀಪ ಹಚ್ಚುವ ಹೊತ್ತಿಗೆ ಮಾಲಕರು ಬಂದರು. ಹೊಸ್ತಿಲ ಮೇಲೆ ಒಂದು ಕಾಲಿಟ್ಟವರು ಹಾಗೆಯೇ ನಿಂತರು.

“ಸಪ್ಪಳ ಯಾಕ ನಿಂತೈತ್ರಿ?”

ನಾನು ಹಿಗ್ಗಿನಿಂದಲೇ ಹೇಳಿದೆ. ಹಬ್ಬ ಮಾಡಿದ್ದು, ಹಂಡೆ ತುಂಬಿದ್ದು, ಎಲ್ಲವನ್ನೂ. ಅವರು ಎಲ್ಲಿ ಚೆಲ್ಲಿದಿರಿ ಎಂದಷ್ಟೇ ಕೇಳಿದರು. ಹಿತ್ತಿಲಿಗೆ ಹೋಗಿ ಮೊಣಕಾಲೂರಿ ನೆಲಕ್ಕೆ ಅಂಗೈ ಒತ್ತಿದರು. ಕಪ್ಪು ಮಣ್ಣು, ಬಿಸಿಲು ಕಂಡ ಮಣ್ಣು. ಎಂದೋ ಕುಡಿದು ಮುಗಿಸಿತ್ತು.  ತಿರುಗಿ ಬಂದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವರು ಗೋಡೆಯ ಬದಿಯ ಕಟ್ಟನ್ನು ಎತ್ತಿ, ಮೊಳೆ ಕಿತ್ತು ಗೋಣಿತಟ್ಟು ಬಿಡಿಸಿ, ಹಿತ್ತಾಳೆಯ ಬೋಗುಣಿಯ ಮೇಲೆ ಹಿಡಿದು ಹಿಂಡಿದರು. ಹನಿ ಹನಿಯಾಗಿ ಇಳಿಯಿತು. ಕಡೆಗೆ ಬೋಗುಣಿಯಲ್ಲಿ ಅರ್ಧ ಚರಗಿಯಷ್ಟು ಹಸಿರು ನೀರಿತ್ತು.

“ಹೆಪ್ಪ ಉಳದೈತಿ,” ಎಂದು ತೊಟ್ಟಿಗೆ ಸುರಿದರು.

ಆಮೇಲೆ ಕಟ್ಟಿಗೆ ಗೋಣಿ ಬಿಗಿಯುತ್ತ, ನನ್ನ ಕಡೆ ನೋಡದೆ, ಆ ಒಂದೇ ಸಲ ಮಗಳ ಮಾತು ಆಡಿದರು. “ಮಂದಿ ಹೇಳೂದು ಸುಳ್ಳರಿ. ಭಾವ್ಯಾಗಿಂದು ತಂದಿದ್ದಲ್ಲ ಅದು. ಇದ ಹಬ್ಬದ ದಿನಾ ಆಕಿ ಸೇದಿ ಹಂಡೆ ತುಂಬಿದ ನೀರು. ಹಂಡೆ ತುಂಬಿತ್ತು. ಇನ್ನೊಂದು ಕೊಡ ತರ್ತೇನಪ್ಪಾ ಅಂತ ಹೋದ್ಲು.”

ಸಾವಿನ ಮನೆಯ ನೀರು ಎಂದು ಎಲ್ಲರೂ ಚೆಲ್ಲಲು ಹೊರಟಾಗ ಇವರು ಹಂಡೆಗೆ ಅಡ್ಡ ನಿಂತಿದ್ದರಂತೆ. ಮುಚ್ಚಿಟ್ಟರೆ ಕೊಳೆಯುತ್ತದೆ, ಬೆಳಕಿಗಿಟ್ಟರೆ ಪಾಚಿಗಟ್ಟುತ್ತದೆ. ಚೆಲ್ಲದೆ ಉಳಿಸಿಕೊಳ್ಳುವುದಕ್ಕೆ ಒಂಬತ್ತು ವರ್ಷ ಗೋಣಿ, ಗಡಿಗೆ, ಕನ್ನಡಿಗಳ ಜೊತೆ ಆ ಮನುಷ್ಯ ಹೆಣಗಿದ್ದರು. ಆರಿದ್ದಕ್ಕೆ ಮಳೆನೀರು ಸೇರಿಸುತ್ತಿದ್ದರು, ಅದು ನಡೆಯುತ್ತದೆ ಎಂದು ತಮಗೆ ತಾವೇ ಒಪ್ಪಿಗೆ ಕೊಟ್ಟುಕೊಂಡಿದ್ದರು. ಮಗಳು ಮುಟ್ಟಿದ ವಸ್ತು ಅದೊಂದೇ ಇನ್ನೂ ಅಲುಗಾಡುತ್ತಿತ್ತು. ಅದನ್ನು ನಾನು ಒಂದು ಮಧ್ಯಾಹ್ನದಲ್ಲಿ ಮಣ್ಣಿಗೆ ಚೆಲ್ಲಿದ್ದೆ. ಕಟ್ಟಿನ ಇನ್ನೊಂದು ತುದಿ ಹಿಡಿದುಕೊಂಡೆ. ಅವರೇ ಹೇಳಿದರು:

“ನೀವು ಹಬ್ಬಾ ಮಾಡೀರಿ ಅಕ್ಕಾರ. ಈ ಮನ್ಯಾಗ ಯಾರರ ಒಬ್ರು ಮಾಡಬೇಕಾಗಿತ್ತು.”

ಮರುದಿನ ನಾನು ಊರಿಗೆ ಹೋಗಲಿಲ್ಲ. ಎರಡು ಮೀನು ಸತ್ತವು. ನಳದ ನೀರಿಗೆ ಔಷಧ ಹಾಕುತ್ತಾರೆ, ಬಿಸಿಲಿಗಿಟ್ಟು ಬಳಸಬೇಕು ಎಂದು ಮಕ್ಕಳಿಗೆ ಹೇಳಬೇಕಾದ ಅಕ್ಕಾರು ನಾನೇ. ಮೂರನೆಯ ದಿನ ನೀರು ಮಂಜು ಮಂಜಾಯಿತು, ವಾರಕ್ಕೆ ಹಸಿರಾಯಿತು. ಉಳಿದ ಮೀನುಗಳೂ ಕಾಣದಾದವು. ನಾನು ಶಾಲೆಯ ಬಿಡುವಿಗೆ ಓಡಿ ಬಂದು ಗಡಿಗೆ ತುಂಬುತ್ತಿದ್ದೆ, ಅವರು ಕನ್ನಡಿ ಸರಿಸುತ್ತಿದ್ದರು. ಹಂಸಭಾವಿಯಿಂದ ಬಂದ ದೊಡ್ಡವ್ವ ವಿಷಯ ಕೇಳಿ ನನ್ನ ಜೊತೆ ಎಂಟು ದಿನ ಮಾತು ಬಿಟ್ಟಳು, ಊಟ ಮಾತ್ರ ಬಿಡದೆ ಬಡಿಸಿದಳು.

ಹಿಂಡಿದ್ದರಿಂದ ಬರಿದಾಗಿದ್ದ ಗೋಣಿಯ ಮೇಲೆ ಪಾಚಿ ಮರಳಿ ಹತ್ತತೊಡಗಿತು. ಎಲ್ಲ ಕಡೆ ಒಂದೇ ಸಮ ಹತ್ತಲಿಲ್ಲ. ಮೊದಲು ಮೇಲೆ ಒಂದು ಕಮಾನು, ಆಮೇಲೆ ಕೆಳಗೆ ಎರಡು ಮಸಕು ಗುರುತು, ನಡುವೆ ಒಂದು ಎಳೆ. ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ ಕಾಗದದ ಮೇಲೆ ಚಿತ್ರ ಮೂಡುತ್ತದಲ್ಲ, ಹಾಗೆ. ನೀರು ಹರಿಯುವ ದಾರಿ ಹಾಗಿದ್ದರೆ ಪಾಚಿ ಹಾಗೆಯೇ ಬೆಳೆಯುತ್ತದೆ ಎಂದು ಈಗ ಯಾರಿಗಾದರೂ ಹೇಳಬಲ್ಲೆ. ಆಗ ನಾನು ಆ ಕಟ್ಟಿನ ಮುಂದೆ ಒಬ್ಬಳೇ ನಿಲ್ಲುತ್ತಿರಲಿಲ್ಲ. ಆ ಸೋಮವಾರ ಮಾಲಕರು ಬಿಲ್ಲೆ ಹಿಡಿದು ಬಂದು ಬಹಳ ಹೊತ್ತು ನೋಡಿ ಕೆರೆಯದೆ ಹೋದರು. ಮುಂದಿನ ಸೋಮವಾರದ ಹೊತ್ತಿಗೆ ಹಸಿರು ಎಲ್ಲವನ್ನೂ ಮುಚ್ಚಿತ್ತು. ಆಗ ಕೆರೆದರು. ಇನ್ನೂ ಹತ್ತು ದಿನಕ್ಕೆ ಒಂದು ಬೆಳಿಗ್ಗೆ ನನ್ನ ಬಾಗಿಲು ಬಡಿದು ಕರೆದರು. ಎರಡು ಮೀನುಗಳು ಗಾಳಿಯಲ್ಲಿ ನಿಂತಿದ್ದವು.

“ಹೆಪ್ಪಾತು ನೋಡ್ರಿ ಅಕ್ಕಾರ,” ಎಂದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅಂದೇ.

ಅರ್ಧ ಚರಗಿ ಹೆಪ್ಪಿಗೆ ಹಂಡೆ ಹಾಲು ಮೊಸರಾಗುವಂತೆ ನೀರೆಲ್ಲ ಮಗಳ ನೀರಾಯಿತು ಎಂದು ಅವರು ನಂಬಿದರೋ, ನನ್ನ ಸಲುವಾಗಿ ಹಾಗೆ ಅಂದರೋ ಗೊತ್ತಿಲ್ಲ. ಆ ವಿಷಯ ಮತ್ತೆ ಬರಲಿಲ್ಲ. ಮರುವರ್ಷದಿಂದ ಹಬ್ಬದ ದಿನ ದೊಡ್ಡವ್ವ ಹಂಸಭಾವಿಗೆ ಹೋಗುವುದು ನಿಂತಿತು. ನಾನು ಹಂಡೆ ತುಂಬುತ್ತಿದ್ದೆ, ಅವಳು ಬಳ್ಳಿ ಕಟ್ಟುತ್ತಿದ್ದಳು.

ಎಂಬತ್ತರ ಮೊದಲ ವರ್ಷಗಳಲ್ಲಿ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಮದುವೆಯೂ ಆಯಿತು, ಮನೆ ತುಂಬಿತು. ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ಅವರ ಬಳಗದ ಒಬ್ಬರು ಬಸ್ಸಿಳಿದು ಬಂದು, ಅಂಗಡಿಯವರು ನಸುಕಿನಲ್ಲಿ ಹೋದರು, ನೀವು ಬರುವ ತನಕ ದೊಡ್ಡವ್ವ ಹೆಣ ಮುಟ್ಟಗೊಡುವುದಿಲ್ಲ ಎಂದರು.

ಹೋದೆ. ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಮಡಿಲಲ್ಲಿ ಆ ಕೈಗಳು. ಒಳಗೆ ಬಳಗದ ಗಂಡಸರಿಗೂ ದೊಡ್ಡವ್ವನಿಗೂ ವಾದ ನಡೆದಿತ್ತು. ಮೀನಿದ್ದ ನೀರು ಸ್ನಾನಕ್ಕೆ ಬರುವುದಿಲ್ಲ, ಊರು ಏನೆಂದೀತು ಎಂದು ಅವರು. ಮುದುಕಿ ಅವರ ಕಡೆ ನೋಡದೆ ಬಚ್ಚಲ ಹಂಡೆಯನ್ನು ತಂದು ತೊಟ್ಟಿಯ ಮುಂದೆ ಇಟ್ಟು ನನ್ನ ಕೈಗೆ ಚರಗಿ ಕೊಟ್ಟಳು.

“ಕಡೀ ಸ್ನಾನಕ್ಕ ಇದ ನೀರು ಅಂತ ಹೇಳ್ಯಾನ. ಹೆಪ್ಪ ಅಷ್ಟ ನನ್ನ ಮಗಳದು, ನೀರು ಅಕ್ಕಾರು ತುಂಬಿದ್ದು, ಅವರ ಕೈಲೆ ತೋಡಲಿ ಅಂದಾನ.”

ಅಷ್ಟು ವರ್ಷ ನಾನು ಆ ತೊಟ್ಟಿಯಲ್ಲಿ ನನ್ನ ತಪ್ಪನ್ನು ಮಾತ್ರ ಕಂಡಿದ್ದೆ. ಅವರು ಬೇರೆ ಏನನ್ನೋ ಕಾಣುತ್ತಿದ್ದರು. ವಾದ ಮಾಡುತ್ತಿದ್ದವರು ಬದಿಗೆ ಸರಿದರು. ಮೀನುಗಳನ್ನು ಕೆರೆಗೆ ಬಿಡಲು ಯಾರೋ ಒಯ್ದರು. ನಾನು ತೋಡಿದೆ. ತಳ ಕಾಣುವ ತನಕ ನೀರು ತಿಳಿಯಾಗಿಯೇ ಇತ್ತು. ಕಡೆಯ ಚರಗಿ ಸುರಿದಾಗ ಹಂಡೆ ಕೊರಳ ಮಟ್ಟ ತುಂಬಿ ನಿಂತಿತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಒಲೆ ಹಚ್ಚಿ ಕಾಯಿಸಿದೆ. ಹೊಗೆಗೆ ಕಣ್ಣು ಉರಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅತ್ತೆ, ಬಿಕ್ಕಿ ಬಿಕ್ಕಿ ಅತ್ತೆ.

ಗಂಡಸರು ಹಂಡೆ ಹೊತ್ತು ಪಡಸಾಲೆಗೆ ಹೋದರು. ಬಾಗಿಲು ಅರ್ಧ ಮುಚ್ಚಿತು. ಮೊದಲ ಚರಗಿ ನೀರು ಮೈಮೇಲೆ ಬಿದ್ದ ಸಪ್ಪಳ ಕೇಳಿತು. ನಾನು ಬಾಗಿಲ ಹಿಂದೆ ಸೆರಗು ಹಿಡಿದು ನಿಂತಿದ್ದೆ. ಅಪ್ಪ ಸ್ನಾನಕ್ಕೆ ಹೋದಾಗ ಎಲ್ಲ ಮನೆಗಳಲ್ಲಿ ಹೆಣ್ಣುಮಕ್ಕಳು ಕೇಳುವ ಮಾತು, ತಡೆಯುವ ಮೊದಲೇ ನನ್ನ ಬಾಯಿಂದ ಹೊರಟುಹೋಯಿತು.

“ಬಿಸಿ ಸಾಕೇನ್ರೀ?”

ಒಳಗೆ ಚರಗಿಯ ಸಪ್ಪಳ ನಿಂತಿತು.  ದೊಡ್ಡವ್ವ ಬಂದು ನನ್ನ ತೋಳು ಹಿಡಿದುಕೊಂಡು, ಸಾಕಂತ, ಎಂದಳು.